ಮಧುಗಿರಿ ಬೆಟ್ಟದಲ್ಲೇ ಕೂತುಬಿಟ್ಟೋಳು ಡ್ರಾಕೆನ್ಸ್‌ಬರ್ಗ್ ಚೈನ್ ಏಣಿ ಹತ್ಬೋದಾ?

ಸಿದ್ದರಬೆಟ್ಟದ ಟೀಚರ್ (ತುಮಕೂರು)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸ್ಕೊಳಿ.

ನನ್ ತಮ್ಮ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಲ್ಲಿ ಕೆಲ್ಸದಲ್ಲಿದಾನೆ, ಹೋಗಿ ಮೂರು ವರ್ಷ ಆಯ್ತು, ಫೋನ್ ಮಾಡಿದಾಗೆಲ್ಲ ಅಕ್ಕ ಯಾವಾಗ ಬರ್ತೀಯ ಅಂತ ಪ್ರಾಣ ತಿಂತಾನೆ. ಸರಿ ಈ ಸಲ ಹೋಗೇಬಿಡೋಣ ಅಂತ ಮನೇಲೂ ಒಪ್ಸಿದೀನಿ. ನಾನು ಮಗಳು ಇಬ್ರೇ, ಯಜಮಾನ್ರು ಅಂಗಡಿ ಬಿಟ್ಟು ಬರೋರಲ್ಲ. ಸಿಂಹ ಜಿರಾಫೆ ಎಲ್ಲ ಆಮೇಲೆ, ಮೊದ್ಲು ಡ್ರಾಕೆನ್ಸ್‌ಬರ್ಗ್ ಬೆಟ್ಟಸಾಲು ಅಂತ ತಮ್ಮನ ಹಠ. ಅಲ್ಲಿ ರಾಯಲ್ ನಟಾಲ್ ನ್ಯಾಷನಲ್ ಪಾರ್ಕ್ ಅಂತ ಇದೆ, ಅದರ ಹಿಂದೆ ಆಂಫಿಥಿಯೇಟರ್ ಅನ್ನೋ ಬೆಟ್ಟದ ಗೋಡೆ. ಫೋಟೋ ಕಳಿಸಿದ್ದ, ನಾನು ಮೊದ್ಲು ಗ್ರಾಫಿಕ್ಸ್ ಅಂದ್ಕೊಂಡೆ. ಐದು ಕಿಲೋಮೀಟರ್ ಉದ್ದಕ್ಕೆ ಕಪ್ಪು ಬಂಡೆ ನೆಟ್ಟಗೆ ನಿಂತಿದೆ ಕಣ್ರೀ, ಒಂದು ಕಿಲೋಮೀಟರ್ ಎತ್ತರ. ಅದರ ಮೇಲಿಂದ ತುಗೇಲಾ ಫಾಲ್ಸ್ ಬೀಳುತ್ತೆ, 948 ಮೀಟರು. ನಮ್ಮ ಜೋಗ 253. ಲೆಕ್ಕದ ಮೇಷ್ಟ್ರು ನಾನು, ಸುಮ್ನಿರೋಕಾಗ್ದೆ ಭಾಗಿಸ್ದೆ, ಮೂರೂ ಮುಕ್ಕಾಲು ಜೋಗ ಬರುತ್ತೆ.

ಈಗ ವಿಷ್ಯಕ್ಕೆ ಬರ್ತೀನಿ. ಆ ಗೋಡೆ ಮೇಲೆ ಹತ್ತೋಕೆ ಹಿಂದಿನಿಂದ ದಾರಿ ಇದೆಯಂತೆ, ದಾರಿಯೆಲ್ಲ ಆರಾಮು, ಕೊನೇಲಿ ಮಾತ್ರ ಬಂಡೆಗೆ ನೇತಾಕಿರೋ ಚೈನ್ ಏಣಿ. ಇದನ್ನ ತಮ್ಮ ಮೊದ್ಲು ಹೇಳ್ಲೇ ಇಲ್ಲ, ಮಗಳು ವಿಡಿಯೋ ಹುಡುಕಿ ತೋರಿಸಿದ್ಲು. ನೋಡ್ತಾ ನೋಡ್ತಾನೇ ಅಂಗಾಲಲ್ಲಿ ಜುಮ್ ಅಂತು.

ಯಾಕಂದ್ರೆ ನನ್ನ ಚರಿತ್ರೆ ಹೀಗಿದೆ. ಅಮಾನಿಕೆರೆ ಸುತ್ತ ದಿನಾ ಐದು ಕಿಲೋಮೀಟರ್ ನಡೀತೀನಿ, ಮಂಡಿ ನೋವಿಲ್ಲ, ಸಿದ್ದರಬೆಟ್ಟ ಎಷ್ಟು ಸಲ ಹತ್ತಿದೀನೋ ಲೆಕ್ಕ ಇಲ್ಲ. ಆದ್ರೆ ಎರಡು ವರ್ಷದ ಹಿಂದೆ ಸ್ಟಾಫ್ ಎಲ್ಲ ಸೇರಿ ಮಧುಗಿರಿ ಬೆಟ್ಟಕ್ಕೆ ಹೋಗಿದ್ವಿ, ಅಲ್ಲಿ ಮೇಲ್ಗಡೆ ಬಂಡೆ ಓರೆಯಾಗಿ, ಕಾಲಿಡೋಕೆ ಕಚ್ಚು ಮಾತ್ರ ಹೊಡೆದು ಪಕ್ಕದಲ್ಲಿ ಕಬ್ಬಿಣದ ಕಂಬಿ ಹಾಕಿದಾರಲ್ಲ, ಆ ಜಾಗದಲ್ಲಿ ಒಂದ್ಸಲ ಹಿಂದೆ ತಿರುಗಿ ನೋಡ್ದೆ ಅಷ್ಟೇ. ಕೂತುಬಿಟ್ಟೆ. ಮೇಲೂ ಇಲ್ಲ ಕೆಳಗೂ ಇಲ್ಲ. ಇಪ್ಪತ್ತು ನಿಮಿಷ ಕಂಬಿ ತಬ್ಕೊಂಡು ಕೂತಿದ್ದೆ, ಆಮೇಲೆ ಪಿಟಿ ಮೇಡಮ್ಮು ಕೈ ಹಿಡ್ಕೊಂಡು ಕೂತ್ಕೂತೇ ಜಾರಿಸಿ ಇಳಿಸಿದ್ರು. ಸೀರೆ ಬೇರೆ. ಇವತ್ತಿಗೂ ಸ್ಟಾಫ್ ರೂಮಲ್ಲಿ ಇದೇ ಜೋಕು.

ಇನ್ನೊಂದು, ಯಾವ ತಿಂಗ್ಳು ಹೋಗೋದು? ತಮ್ಮಂಗೆ ಡಿಸೆಂಬರಲ್ಲಿ ಆಫೀಸ್ ರಜ, ಆವಾಗ ಮಳೆಗಾಲ, ಫಾಲ್ಸ್ ತುಂಬಿರುತ್ತೆ ಅಂತಾನೆ. ಮಗಳದು ಎಸ್ಸೆಸ್ಸೆಲ್ಸಿ, ಡಿಸೆಂಬರಲ್ಲಿ ಕರ್ಕೊಂಡೋದ್ರೆ ನಮ್ಮತ್ತೆ ನನ್ನ ವಾಪಸ್ ಮನೆಗೆ ಸೇರಿಸಲ್ಲ. ಪರೀಕ್ಷೆ ಮುಗಿದ್ಮೇಲೆ ಏಪ್ರಿಲ್ ಕೊನೆ, ಮೇ ಮೊದಲು ಆದ್ರೆ ಹೆಂಗೆ? ಹೋಗಿ ಬಂದಿರೋರು ದಯವಿಟ್ಟು ನಿಜ ಹೇಳಿ, ಧೈರ್ಯ ತುಂಬೋಕೆ ಅಂತ ಏನೇನೋ ಹೇಳ್ಬೇಡಿ.

ಬೆಟ್ಟ ಬೈಕು (ಕೊರಟಗೆರೆ)

ಏನಾಗಲ್ಲ ಆಂಟಿ, ಚಿಕ್ ಚಿಕ್ ಮಕ್ಳು ಹತ್ತಿರೋ ವಿಡಿಯೋ ಇದಾವೆ. ಕೆಳಗೆ ನೋಡ್ಬೇಡಿ ಅಷ್ಟೇ 😀

ಶಿರಾಗೇಟ್ ಸೀನ (ತುಮಕೂರು)

ಮೇಡಂ, ಆ ಹುಡುಗನ ಮಾತು ಪಕ್ಕಕ್ಕಿಡಿ. ಕೆಳಗೆ ನೋಡ್ದೆ ಏಣಿ ಇಳಿಯೋಕಾಗುತ್ತಾ, ಕಾಲೆಲ್ಲಿಡ್ಬೇಕು ಅಂತ ನೋಡ್ಲೇಬೇಕು.

ನಾನು ಡರ್ಬನ್ನಲ್ಲಿ ಎರಡು ವರ್ಷ ಕೆಲಸದ ಮೇಲೆ ಇದ್ದೆ, ಆಂಫಿಥಿಯೇಟರ್ ಎರಡು ಸಲ ಹತ್ತಿದೀನಿ, ಒಂದು ಮೇ ತಿಂಗ್ಳು, ಇನ್ನೊಂದು ಸೆಪ್ಟೆಂಬರು. ಗೊತ್ತಿರೋದು ಹೇಳ್ತೀನಿ.

ಮೊದಲನೇದು, ನಿಮ್ ತಮ್ಮ ಒಂದು ವಿಷ್ಯ ಕಲಸಿಬಿಟ್ಟವ್ನೆ. ರಾಯಲ್ ನಟಾಲ್ ಪಾರ್ಕ್ ಗೇಟ್ ಇರೋದು ಗೋಡೆ ಕೆಳಗಡೆ, ಕ್ವಾಜುಲು-ನಟಾಲ್ ಪ್ರಾಂತ್ಯದ ಕಡೆ. ಏಣಿ ದಾರಿ ಶುರುವಾಗೋದು ಸೆಂಟಿನೆಲ್ ಕಾರ್ ಪಾರ್ಕಿಂದ, ಅದು ಬೆನ್ನ ಕಡೆ, ಫ್ರೀ ಸ್ಟೇಟ್ ಪ್ರಾಂತ್ಯದಿಂದ ಹೋಗ್ಬೇಕು, ಫುಥಾಡಿಚಾಬಾ ಅನ್ನೋ ಊರು ದಾಟಿ. ಮ್ಯಾಪಲ್ಲಿ ನೋಡಿದ್ರೆ ಪಕ್ಕಪಕ್ಕ, ರೋಡಲ್ಲಿ ಬೆಟ್ಟ ಸುತ್ತಾಕ್ಬೇಕು. ಎರಡೂ ಒಂದೇ ದಿನ ಅಂತ ಇಟ್ಕೊಂಡ್ರೆ ಕೆಟ್ರಿ. ಜೋಹಾನ್ಸ್‌ಬರ್ಗಿಂದ ಬರೋರಿಗೆ ಸೆಂಟಿನೆಲ್ ಕಡೇನೇ ಹತ್ರ, ಹ್ಯಾರಿಸ್ಮಿತ್ ಮೇಲೆ ನಾಲ್ಕೈದು ಗಂಟೆ. ನಮ್ ಥರಾನೇ ಎಡಗಡೆ ಡ್ರೈವಿಂಗು. ಕೊನೇ ಕೆಲವು ಕಿಲೋಮೀಟರ್ ರೋಡು ಮಾತ್ರ ಕಿತ್ತೋಗಿರುತ್ತೆ, ಬಾಡಿಗೆಗೆ ತಗೊಂಡ ಸಣ್ಣ ಕಾರಾದ್ರೆ ಹೊಟ್ಟೆ ಬಡ್ಕೊಳುತ್ತೆ. ಕೆಳಗೆ ವಿಟ್ಸಿಸ್‌ಹೋಕ್ ಲಾಡ್ಜ್ ಐತೆ, ಹಿಂದಿನ ರಾತ್ರಿ ಅಲ್ಲೇ ಉಳ್ಕೊಂಡು ಅವ್ರ ಗಾಡೀಲಿ ಹೋಗೋದು ವಾಸಿ.

ಎರಡನೇದು ಫಾಲ್ಸ್ ಕತೆ. ಡಿಸೆಂಬರಲ್ಲಿ ತುಂಬಿರುತ್ತೆ ಅನ್ನೋದು ನಿಜ. ಆದ್ರೆ ಮೇಲೆ ಹತ್ತಿದೋರಿಗೆ ಫಾಲ್ಸೇ ಕಾಣಲ್ಲ! ಕಾಣೋದು ಅದರ ತುಟಿ. ಮೇಲ್ಗಡೆ ಹುಲ್ಲುಗಾವಲು, ಅದರ ಮಧ್ಯ ಒಂದು ಹಳ್ಳ, ಕೆಲವು ಕಡೆ ದಾಟ್ಕೊಂಡು ಹೋಗೋವಷ್ಟು ಸಣ್ಣದು, ಅದು ಹರ್ಕೊಂಡು ಬಂದು ಬಂಡೆ ಅಂಚಲ್ಲಿ ಸುಮ್ನೆ ಕೆಳಗೆ ಹೊರಟೋಗುತ್ತೆ. ಸದ್ದು ಕೂಡ ಜಾಸ್ತಿ ಬರಲ್ಲ. ನಾನು ಹೊಟ್ಟೆ ಮೇಲೆ ಮಲ್ಕೊಂಡು ತಲೆ ಆಚೆ ಹಾಕಿ ನೋಡ್ದೆ, ಒಂದಷ್ಟು ದೂರ ನೀರು, ಆಮೇಲೆ ಬರೀ ಗಾಳಿ, ಎಲ್ಲೋ ಪಾತಾಳದಲ್ಲಿ ಹಸಿರು ಕಣಿವೆ. ಕೆಳಗಿಂದ ಗಾಳಿ ಎದ್ದು ಬಂದಾಗ ನೀರಿನ ಹನಿ ಮೇಲಕ್ಕೇ ವಾಪಸ್ ಬಂದು ಮುಖಕ್ಕೆ ಹೊಡೀತು. ಫಾಲ್ಸ್ ಪೂರ್ತಿ ನೋಡ್ಬೇಕು ಅಂದ್ರೆ ಕೆಳಗಡೆ ಪಾರ್ಕಲ್ಲಿ ನಿಂತು ನೋಡ್ಬೇಕು. ಸೆಪ್ಟೆಂಬರಲ್ಲಿ ಹೋದಾಗ ಹಳ್ಳ ಒಣಗಿ ಬರೀ ಗುಂಡಿ ನೀರಿತ್ತು, ಮೇ ತಿಂಗಳಲ್ಲಿ ದಾರದಷ್ಟು ಹರೀತಿತ್ತು. ನನಗೇನೂ ಬೇಜಾರಾಗ್ಲಿಲ್ಲ.

ಆ ಜಾಗದ ವಿಶೇಷ ಏನಂದ್ರೆ ಅಲ್ಲೇ ಪಕ್ಕದಲ್ಲಿ ಮಾಂಟ್-ಓ-ಸೂರ್ಸ್ ಅಂತ 3,282 ಮೀಟರ್ ಶಿಖರ ಐತೆ, ನದಿಗಳ ತವರು ಅಂತ ಅರ್ಥ ಬರೋ ಫ್ರೆಂಚ್ ಹೆಸರು. ಆ ಕಡೆ ಬಿದ್ದ ಮಳೆ ತುಗೇಲಾ ಸೇರಿ ಹಿಂದೂ ಮಹಾಸಾಗರಕ್ಕೆ, ಈ ಕಡೆ ಬಿದ್ದಿದ್ದು ಆರೆಂಜ್ ನದಿ ಸೇರಿ ಇಡೀ ಖಂಡ ದಾಟಿ ಅಟ್ಲಾಂಟಿಕ್‌ಗೆ. ನಮ್ ದೇವರಾಯನದುರ್ಗ ನೆನಪಾಯ್ತು ನನಗೆ. ಒಂದೇ ಬೆಟ್ಟದಲ್ಲಿ ಹುಟ್ಟಿ ಜಯಮಂಗಲಿ ಪಿನಾಕಿನಿ ಕಡೆ ಹೋಗ್ತಾಳೆ, ಶಿಂಷಾ ಕಾವೇರಿ ಕಡೆ ಹೋಗ್ತಾಳೆ, ಅದೇ ಕತೆ.

ಈಗ ಏಣಿ. ಕಾರ್ ಪಾರ್ಕ್ ಇರೋದೇ ಸುಮಾರು 2,500 ಮೀಟರಲ್ಲಿ. ಅಲ್ಲಿಂದ ಒಂದೂವರೆ ಎರಡು ಗಂಟೆ ನಡಿಗೆ, ಮೊದ್ಲು ಅಡ್ಡಡ್ಡ ತಿರುವು, ಆಮೇಲೆ ಸೆಂಟಿನೆಲ್ ಬಂಡೆ ಬುಡದಲ್ಲೇ ಕಾಲುದಾರಿ. ಇಲ್ಲಿವರ್ಗೂ ಸಿದ್ದರಬೆಟ್ಟ ಹತ್ತೋ ನಿಮಗೆ ಏನೂ ಕಷ್ಟ ಇಲ್ಲ, ಉಸಿರು ಮಾತ್ರ ಸ್ವಲ್ಪ ಜಾಸ್ತಿ ಬೇಕಾಗುತ್ತೆ. ಆಮೇಲೆ ಬಂಡೆ ಸಂದೀಲಿ ಏಣಿ, ಒಂದಾದ್ಮೇಲೆ ಒಂದು, ಎರಡು ಹಂತ, ನಡುವೆ ನಿಂತ್ಕೊಳೋಕೆ ಜಾಗ ಐತೆ. ಪಕ್ಕಪಕ್ಕ ಜೋಡಿ ಏಣಿ ಇರೋದ್ರಿಂದ ಮಗಳು ನಿಮ್ ಪಕ್ಕದಲ್ಲೇ ಹತ್ಬೋದು. ಸರಳು ಕಬ್ಬಿಣದ್ದು, ಬೆಳಗ್ಗೆ ಹೊತ್ತು ಮುಟ್ಟಿದ್ರೆ ಐಸ್‌ಕ್ಯಾಂಡಿ ಹಿಡ್ದಂಗೆ. ಕೆಲವು ಕಡೆ ಸರಳು ಬಂಡೆಗೆ ಅಂಟ್ಕೊಂಡಿರುತ್ತೆ, ಬೂಟಿನ ತುದಿ ಮಾತ್ರ ಹೋಗುತ್ತೆ, ಇನ್ನು ಕೆಲವು ಕಡೆ ನಿಮ್ ಭಾರಕ್ಕೆ ಚೈನು ಅಲ್ಲಾಡಿ ಬಂಡೆಗೆ ಬಡಿಯುತ್ತೆ, ಆ ಟಣ್ ಸದ್ದಿಗೆ ಎದೆ ಝಲ್ ಅನ್ನುತ್ತೆ. ನಿಜ ಹೇಳಿ ಅಂದ್ರಲ್ಲ ಅದಕ್ಕೆ ಹೇಳ್ತಿದೀನಿ. ಹತ್ತೋದು ಐದು ನಿಮಿಷ, ಕಣ್ಣ ಮುಂದೆ ಬಂಡೆ ಇರುತ್ತೆ, ಭಯಕ್ಕೆ ಟೈಮ್ ಸಿಗಲ್ಲ. ಮಧುಗಿರೀಲಿ ನಿಮ್ ಬೆನ್ನ ಹಿಂದೆ ಇಡೀ ಊರೇ ಬಿಚ್ಚಿ ಬಿದ್ದಿರುತ್ತೆ, ಅದಕ್ಕೇ ಅಲ್ಲಿ ತಲೆ ತಿರುಗಿದ್ದು. ಕಷ್ಟ ಇರೋದು ವಾಪಸ್ ಬರುವಾಗ, ಮೇಲಿನ ತುದೀಲಿ ಹಿಂದುಮುಂದು ತಿರುಗಿ ಮೊದಲನೇ ಸರಳಿಗೆ ಕಾಲು ಇಳಿಬಿಡೋ ಆ ಒಂದು ಹೆಜ್ಜೆ. ಅಷ್ಟೇ. ಅದೊಂದಾದ್ರೆ ಆಯ್ತು.

ಏಣಿ ಬೇಡ ಅನ್ನೋರಿಗೆ ಗಲ್ಲಿ ಅಂತ ಒಂದು ಕೊರಕಲು ಐತೆ, ಅದು ಕಡಿದಾಗಿ ಕಲ್ಲು ಜಾರುತ್ತೆ. ಏಣೀನೇ ವಾಸಿ.

ಮೇ ತಿಂಗಳೇ ಹೋಗಿ. ಮಳೆ ನಿಂತಿರುತ್ತೆ, ಆಕಾಶ ತೊಳೆದಿಟ್ಟಂಗೆ ಇರುತ್ತೆ, ಚಳಿ ಮಾತ್ರ ಶಿರಾ ಕಡೆಯೋರಿಗೆ ತಡೆಯೋಕಾಗಲ್ಲ. ಜೂನ್ ಜುಲೈ ಆದ್ರೆ ಹಿಮ ಬೀಳುತ್ತೆ, ಏಣಿ ಮೇಲೆ ಐಸ್ ಕಟ್ಟುತ್ತೆ, ಆವಾಗ ಬೇಡವೇ ಬೇಡ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಟೀಚರ್, ಸೀನಣ್ಣ ಹೇಳಿದ್ದಕ್ಕೆ ನನ್ದೂ ಒಂದು ಸೇರಿಸ್ತೀನಿ, ಯಾಕಂದ್ರೆ ನಾವು ಡಿಸೆಂಬರಲ್ಲೇ ಹೋಗಿ ಮುಖಕ್ಕೆ ಹೊಡೆಸ್ಕೊಂಡು ಬಂದೋರು.

ನಾನು, ನಮ್ಮನೆಯವ್ರು, ಮಗ. ಕಾರ್ ಪಾರ್ಕ್ ಬಿಟ್ಟಾಗ್ಲೇ ಒಂಬತ್ತು ಗಂಟೆ, ತಿಂಡಿ ಫೋಟೋ ಅಂತ ಲೇಟು ಮಾಡಿದ್ವಿ. ಆಕಾಶ ನೀಲಿ, ಒಂದು ಮೋಡ ಇಲ್ಲ. ಏಣಿ ಹತ್ತಿದ್ವಿ, ನಿಜ ಹೇಳ್ತೀನಿ ಏಣಿ ನನಗೇನೂ ಅನ್ನಿಸ್ಲಿಲ್ಲ. ಮೇಲೆ ಹೋಗಿ ಅಂಚಲ್ಲಿ ಕೂತು ಚಪಾತಿ ರೋಲ್ ಬಿಚ್ಚಿದ್ವಿ ನೋಡಿ, ಗೋಡೆ ಕೆಳಗಿಂದ ಬಿಳೀ ಮೋಡ ಕಾಫಿ ಡಿಕಾಕ್ಷನ್ ಹಬೆ ಥರ ಎದ್ದು ಬಂತು, ಹತ್ತು ನಿಮಿಷಕ್ಕೆ ಮಗ ಎಲ್ಲವ್ನೆ ಅಂತ ಕಾಣ್ತಿಲ್ಲ! ಬಯಲಲ್ಲಿ ದಾರಿ ಅಂತ ಗಟ್ಟಿಯಾಗಿ ಇರಲ್ಲ, ಹುಲ್ಲು, ಕಲ್ಲು, ಎಲ್ಲ ಒಂದೇ ಥರ. ಒಂದು ಕಡೆ ಒಂದು ಕಿಲೋಮೀಟರ್ ಪ್ರಪಾತ ಇದೆ ಅಂತ ಗೊತ್ತು, ಯಾವ ಕಡೆ ಅಂತ ಗೊತ್ತಿಲ್ಲ. ನಮ್ ಅದೃಷ್ಟಕ್ಕೆ ಹಿಂದೆ ಒಂದು ಗುಂಪು ಗೈಡ್ ಜೊತೆ ಬಂದಿತ್ತು, ಅವ್ರ ಬಾಲ ಹಿಡ್ಕೊಂಡು ಏಣಿವರ್ಗೂ ಬಂದ್ವಿ, ಅಷ್ಟೊತ್ತಿಗೆ ಗುಡುಗು ಶುರು. ಏಣಿ ಹತ್ರ ಹದಿನೈದು ಇಪ್ಪತ್ತು ಜನ ಕ್ಯೂ. ಸಿಡಿಲು ಹೊಡೀತಿದೆ, ನಾವು ಸಾಲಾಗಿ ನಿಂತು ಕಬ್ಬಿಣದ ಏಣಿ ಹಿಡಿಯೋಕೆ ಕಾಯ್ತಾ ಇದೀವಿ, ಆ ಗೈಡ್ ಎಲ್ರನ್ನೂ ಅಂಚಿಂದ ದೂರ ಕರ್ಕೊಂಡೋಗಿ ಕುಕ್ಕರಗಾಲಲ್ಲಿ ಕೂರಿಸಿದ. ಒಂದು ಗಂಟೆ ಆಲಿಕಲ್ಲು ಹೊಡೆಸ್ಕೊಂಡು ಕೂತಿದ್ವಿ. ನಮ್ಮನೆಯವ್ರು ಆವಾಗಿಂದ ನಂದಿ ಬೆಟ್ಟಕ್ಕೂ ಮೋಡ ನೋಡಿ ಹೊರಡ್ತಾರೆ.

ಅದಕ್ಕೇ ಹೇಳೋದು, ನೀವು ಏಣಿ ಬಗ್ಗೆ ಯೋಚ್ನೆ ಮಾಡ್ತಿದೀರ, ನಾನಾಗಿದ್ರೆ ಗಡಿಯಾರದ ಬಗ್ಗೆ ಯೋಚ್ನೆ ಮಾಡ್ತಿದ್ದೆ. ಅಲ್ಲಿ ಬೇಸಿಗೇಲಿ, ಅಂದ್ರೆ ನಮ್ ಡಿಸೆಂಬರ್ ಜನವರಿ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ದಿನಾ ಅನ್ನೋ ಹಾಗೆ. ಬೆಳಗ್ಗೆ ಆರಕ್ಕೆ ಹೊರಟು ಹನ್ನೆರಡೊಳಗೆ ಏಣಿ ಇಳಿದಿರ್ಬೇಕು. ಮೇ ತಿಂಗಳಾದ್ರೂ ಇದೇ ನಿಯಮ ಇಟ್ಕೊಳಿ, ಮಂಜು ಯಾವಾಗ ಬೇಕಾದ್ರೂ ಬರುತ್ತೆ. ಗೈಡ್ ತಗೊಳಿ, ದುಡ್ಡು ಉಳಿಸ್ಬೇಡಿ.

ಇನ್ನೊಂದು ಪೇಪರ್ ವಿಷ್ಯ, ಇದು ಯಾರೂ ಹೇಳಲ್ಲ. ಮಗಳು 18ರ ಒಳಗೆ, ಅಪ್ಪ ಬರ್ತಿಲ್ಲ. ವೀಸಾ ಅರ್ಜಿ ಹಾಕುವಾಗ್ಲೇ ಅಪ್ಪ ಅಮ್ಮ ಇಬ್ರ ಹೆಸರೂ ಇರೋ ಜನನ ಪ್ರಮಾಣಪತ್ರ, ಜೊತೆಗೆ ಬರದೇ ಇರೋ ಅಪ್ಪನ ಒಪ್ಪಿಗೆ ಪತ್ರ ಕೇಳ್ತಾರೆ. ಈಗ್ಲೇ ಬೀರು ತೆಗೆದು ಆ ಸರ್ಟಿಫಿಕೇಟ್ ನೋಡಿ. ನನ್ ಮಗನದು ತೆಗೆದ್ರೆ ಮಗುವಿನ ಹೆಸರು ಅನ್ನೋ ಜಾಗ ಖಾಲಿ! ಆಸ್ಪತ್ರೇಲಿ ಹುಟ್ಟಿದಾಗ ನಾಮಕರಣ ಆಗಿರ್ಲಿಲ್ಲ, ಆಮೇಲೆ ಯಾರೂ ಸೇರಿಸ್ಲೇ ಇಲ್ಲ, ಹದಿನಾಲ್ಕು ವರ್ಷ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಹೆಸರು ಸೇರಿಸೋಕೆ ಮೂರು ವಾರ ಅಲೆದಾಡ್ದೆ.

ವಿಮಾನ ಅಡಿಸ್ ಅಬಾಬಾ ಇಲ್ಲ ನೈರೋಬಿ ಮೇಲೆ ಹೋಗೋದಾದ್ರೆ ಅಲ್ಲಿ ಹನ್ನೆರಡು ಗಂಟೆಗಿಂತ ಜಾಸ್ತಿ ಕಾಯೋ ಟಿಕೆಟ್ ತಗೋಬೇಡಿ, ತಗೊಂಡ್ರೆ ಹಳದಿ ಜ್ವರದ ಲಸಿಕೆ ಕಾರ್ಡ್ ಬೇಕಾಗುತ್ತೆ. ಲಸಿಕೆ ಹಾಕಿಸ್ಕೊಂಡ್ರೂ ಹತ್ತು ದಿನ ಆದ್ಮೇಲೇ ಅದು ಲೆಕ್ಕಕ್ಕೆ.

ಏಣಿ ಆಗೋದೇ ಇಲ್ಲ ಅನ್ಸಿದ್ರೆ ತುಗೇಲಾ ಗಾರ್ಜ್, ಅಂದ್ರೆ ಕಣಿವೆ ನಡಿಗೆ ಮಾಡಿ, ಕೆಳಗಿನ ಪಾರ್ಕಲ್ಲಿರೋ ಥೆಂಡೆಲೆ ಕ್ಯಾಂಪ್ ಹತ್ರದಿಂದ ಶುರು, ಹೋಗಿ ಬರೋಕೆ ಸುಮಾರು 14 ಕಿಲೋಮೀಟರ್. ಕಾಡು, ಹೊಳೆ, ದೊಡ್ಡ ದೊಡ್ಡ ಗುಂಡುಕಲ್ಲು ಹಾರ್ಕೊಂಡು ಹೋಗೋದು. ಗೋಡೆ ಪೂರ್ತಿ ತಲೆ ಎತ್ತಿ ನೋಡ್ಬೋದು. ನನ್ ಕೇಳಿದ್ರೆ ಮೇಲಿಂದ ನೋಡೋದಕ್ಕಿಂತ ಅದೇ ಚೆಂದ.

ಶಿರಾಗೇಟ್ ಸೀನ (ತುಮಕೂರು)

ಅಕ್ಕ, ಕೊನೇ ಮಾತು ಒಪ್ಪಲ್ಲ 😀 ಕೆಳಗಿಂದ ನೋಡೋದು ಸಿನಿಮಾ ಪೋಸ್ಟರ್ ನೋಡ್ದಂಗೆ. ಮೇಲೆ ಹೋದ್ರೆ ಬಸೋಥೋ ಕುರಿ ಕಾಯೋ ಹುಡುಗ್ರು ಸಿಗ್ತಾರೆ, ಲೆಸೋಥೋ ದೇಶದೋರು, ಗಡಿ ಅಲ್ಲೇ ಇರೋದು. ಮೈತುಂಬ ಉಣ್ಣೆ ಕಂಬಳಿ ಹೊದ್ಕೊಂಡು, ಕಾಲಿಗೆ ಗಂಬೂಟು ಹಾಕ್ಕೊಂಡು, ಕೈಲಿ ಕೋಲು. ನಮ್ ಕಡೆ ಕುರುಬರು ಕಂಬಳಿ ಕೊಪ್ಪೆ ಹಾಕ್ಕೊಂಡು ನಿಲ್ತಾರಲ್ಲ ಥೇಟ್ ಅದೇ ನಿಲುವು, ಕೋಲಿಗೆ ಗಲ್ಲ ಊರ್ಕೊಂಡು. ಇನ್ನು ಊಟ, ಅಲ್ಲಿ ಪಾಪ್ ಅಂತ ಸಿಗುತ್ತೆ, ಬಿಳೀ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಬಣ್ಣ ಒಂದು ಮರೆತ್ರೆ ನಮ್ದೇ. ಆದ್ರೆ ನುಂಗೋಕೆ ಹೋಗ್ಬೇಡಿ, ಅವ್ರು ಅಗೀತಾರೆ.

ಮೇಲೆ ಟೆಂಟ್ ಹಾಕಿ ರಾತ್ರಿ ಉಳಿಯೋ ಆಸೆ ಮಾತ್ರ ನಿಮ್ ತಮ್ಮಂಗಿದ್ರೆ ಬಿಡಿಸಿ, ಸಾಮಾನು ಕಳುವಾಗಿರೋ ಕತೆ ಬೇಕಾದಷ್ಟು ಕೇಳಿದೀನಿ. ಬೆಳಗ್ಗೆ ಹೋಗಿ ಮಧ್ಯಾಹ್ನ ವಾಪಸ್.

ಸಿದ್ದರಬೆಟ್ಟದ ಟೀಚರ್ (ತುಮಕೂರು)

ಅಬ್ಬಾ, ಇಷ್ಟು ವಿವರವಾಗಿ ಬರೀತೀರ ಅಂದ್ಕೊಂಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಬೀರು ತೆಗೆದು ನೋಡ್ದೆ ನಂದಿ ತಪ್ಪಲು ಅವ್ರೆ, ಮಗಳ ಹೆಸರು ಇದೆ, ಆದ್ರೆ ನನ್ ಹೆಸರು ಮದುವೆಗೆ ಮುಂಚಿನದು! ಪಾಸ್‌ಪೋರ್ಟಲ್ಲಿ ಬೇರೆ. ನಾಳೆ ವಕೀಲ್ರ ಹತ್ರ ಹೋಗಿ ಅಫಿಡವಿಟ್ ಬಗ್ಗೆ ಕೇಳ್ತೀನಿ.

ಡಿಸೆಂಬರ್ ಇಲ್ಲ ಅಂತ ತಮ್ಮಂಗೆ ಹೇಳಾಯ್ತು. ಮೇಲೆ ಹೋದ್ರೆ ಫಾಲ್ಸ್ ಕಾಣಲ್ಲವಂತಲ್ಲೋ ಅಂದಿದ್ದಕ್ಕೆ ಸುಮ್ನಾದ. ಅವನೂ ಹತ್ತಿಲ್ಲ ಅಂತ ಆವಾಗ ಗೊತ್ತಾಯ್ತು.

ಆದ್ರೆ ಸೀನ ಅವ್ರೆ, ನೀವು ಹೇಳಿದ ಆ ಮೊದಲನೇ ಹೆಜ್ಜೆ ಇದೆಯಲ್ಲ, ಹಿಂದುಮುಂದು ತಿರುಗಿ ಕಾಲು ಇಳಿಬಿಡೋದು, ಓದಿದಾಗಿಂದ ರಾತ್ರಿ ಅದೇ ಬರ್ತಿದೆ. ಮಧುಗಿರೀಲಿ ನಾನು ಕೂತಿದ್ದೂ ಹಾಗೇ ಒಂದು ಹೆಜ್ಜೆಗೇ.

ಕೆಜಿಎಫ್ ತಾತ (ರಾಬರ್ಟ್‌ಸನ್‌ಪೇಟೆ)

ಅಮ್ಮಾ, ನಾನು ಆಫ್ರಿಕಾ ನೋಡಿದೋನಲ್ಲ. ಬೆಟ್ಟ ಹತ್ತೋನೂ ಅಲ್ಲ, ನಮ್ದೇನಿದ್ರೂ ಕೆಳಗೆ ಇಳಿಯೋ ಕಸುಬು. ಚಾಂಪಿಯನ್ ರೀಫ್ ಗಣೀಲಿ ಕೆಲ್ಸ, 2001ರ ಫೆಬ್ರವರಿಲಿ ಮುಚ್ಚೋವರ್ಗೂ ಇದ್ದೆ. ನಿಮ್ಮ ಈ ಆಂಫಿಥಿಯೇಟರ್ ಮೇಲ್ಗಡೆ ಮೂರು ಸಾವಿರ ಚಿಲ್ಲರೆ ಮೀಟರ್ ಅಂತೀರಲ್ಲ, ನಮ್ಮ ಗಣಿ ಆಳ 3.2 ಕಿಲೋಮೀಟರ್ ಇತ್ತು ಕಣಮ್ಮ. ನೀವು ಸಮುದ್ರಮಟ್ಟದಿಂದ ಎಷ್ಟು ಮೇಲೆ ಹೋಗಿ ಚಳಿಗೆ ನಡುಗ್ತೀರೋ ಸುಮಾರು ಅಷ್ಟೇ ಕೆಳಗೆ ನಾವು ನೆಲದೊಳಗೆ ಬೆವರು ಸುರಿಸ್ತಿದ್ವಿ. ಅಲ್ಲಿ ಬಂಡೆಗೆ ಬೆನ್ನು ಒರಗಿಸೋಕಾಗ್ತಿರ್ಲಿಲ್ಲ, ಅಷ್ಟು ಕಾವು. ನಿಮ್ ತಮ್ಮ ಇರೋ ಜೋಹಾನ್ಸ್‌ಬರ್ಗೂ ಚಿನ್ನದ ಊರೇ, ಅಲ್ಲಿ ನಮಗಿಂತಲೂ ಆಳ ಹೋಗವ್ರೆ.

ಏಣಿ ವಿಷ್ಯ ಬಂತಲ್ಲ ಅದಕ್ಕೆ ಬರ್ದೆ. ಏಣಿ ನನಗೆ ಗೊತ್ತು. ಕೇಜ್, ಅಂದ್ರೆ ಗಣಿ ಲಿಫ್ಟು, ಹೋಗದ ಜಾಗಕ್ಕೆಲ್ಲ ನಮಗೆ ಏಣೀನೇ ದಾರಿ, ಕತ್ತಲು, ನೀರು ತೊಟ್ಟಿಕ್ಕೋದು, ಹಣೇಲಿ ಒಂದು ದೀಪ. ಹೊಸ ಹುಡುಗರು ಬಂದಾಗ ನಿಮ್ ಥರಾನೇ ಮೇಲಿನ ತುದೀಲಿ ಗಟ್ಟಿಯಾಗಿ ನಿಂತುಬಿಡೋರು. ಅವ್ರಿಗೆ ನಾನು ಹೇಳ್ತಿದ್ದಿದ್ದು ಇಷ್ಟೇ. ತಿರುಗೋಕೆ ಮುಂಚೆ ಮಂಡಿ ಊರಿ. ನಿಂತ್ಕೊಂಡು ತಿರುಗಬೇಡಿ. ಮಂಡಿ ಊರಿ, ಎರಡು ಕೈಲೂ ಮೇಲಿರೋ ಕಂಬಿನೋ ಚೈನ್ನೋ ಗಟ್ಟಿಯಾಗಿ ಹಿಡ್ದು, ಹೊಟ್ಟೆ ನೆಲಕ್ಕೆ ಹತ್ರ ತಂದು, ಆಮೇಲೆ ಒಂದು ಕಾಲು ನಿಧಾನವಾಗಿ ಹಿಂದಕ್ಕೆ ಚಾಚಿ. ಮಗು ಮಂಚದಿಂದ ಇಳಿಯುತ್ತಲ್ಲಮ್ಮ, ಹಿಂದುಮುಂದಾಗಿ, ಕಾಲು ನೆಲ ಹುಡುಕ್ತಾ, ಅದೇ ಥರ. ಕಾಲಿಗೆ ಸರಳು ಸಿಕ್ತು ಅಂದ್ರೆ ಅದರ ಮೇಲೆ ಭಾರ ಹಾಕಿ ನೋಡಿ, ಆಮೇಲೆ ಇನ್ನೊಂದು ಕಾಲು. ಎರಡು ಕೈ ಎರಡು ಕಾಲಲ್ಲಿ ಯಾವಾಗ್ಲೂ ಮೂರು ಹಿಡಿತದಲ್ಲಿರ್ಬೇಕು, ಒಂದೇ ಓಡಾಡ್ಬೇಕು. ಏಣಿ ಮೇಲೆ ಬಂದ್ಮೇಲೆ ಸರಳನ್ನೇ ಹಿಡೀರಿ, ಪಕ್ಕದ ಚೈನ್ ಹಿಡಿದ್ರೆ ಅದು ಬಂಡೆಗೆ ಬಡಿದಾಗ ಬೆರಳು ನಡುವೆ ಸಿಕ್ಕಾಕೊಳುತ್ತೆ. ಮೈಯನ್ನ ಏಣಿಗೆ ಹತ್ರ ಇಡಿ, ಹಿಂದಕ್ಕೆ ವಾಲಿದ್ರೆ ಏಣಿ ಜಾಸ್ತಿ ಅಲ್ಲಾಡುತ್ತೆ. ಬೆನ್ನ ಮೇಲಿನ ಬ್ಯಾಗು ಹಗುರ ಇರ್ಲಿ, ಕುತ್ತಿಗೇಲಿ ಕ್ಯಾಮರಾ ನೇತಾಡ್ಬಾರ್ದು, ಸೀರೆ ಉಟ್ಕೊಂಡು ಹೋಗೋ ಮಾತೇ ಇಲ್ಲ.

ಕಲ್ಲಿನ ಬಗ್ಗೆಯೂ ಒಂದು ಮಾತು. ಮಧುಗಿರಿ ಕಲ್ಲು ಬೇರೆ ಜಾತಿ, ಅದು ಕ್ಲೋಸ್‌ಪೇಟ್ ಗ್ರಾನೈಟ್, ಹೆಚ್ಚುಕಮ್ಮಿ 250 ಕೋಟಿ ವರ್ಷದ್ದು, ಈರುಳ್ಳಿ ಸಿಪ್ಪೆ ಥರ ಪದರ ಬಿಟ್ಕೊಂಡು ಗುಂಡಗಾಗುತ್ತೆ. ಡ್ರಾಕೆನ್ಸ್‌ಬರ್ಗ್ ಮೇಲಿನ ಅರ್ಧ ಬಸಾಲ್ಟ್, ಸುಮಾರು 18 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ, ದೋಸೆ ಪೇರಿಸಿದ ಹಾಗೆ ಒಂದ್ರ ಮೇಲೊಂದು ಹರಿದು ಗಟ್ಟಿಯಾಗಿದ್ದು. ಅದರ ಕೆಳಗೆ ಮರಳುಗಲ್ಲು, ಆ ಮರಳುಗಲ್ಲಿನ ಗವಿಗಳಲ್ಲೇ ಅಲ್ಲಿನ ಮೂಲನಿವಾಸಿ ಸಾನ್ ಜನ ಬರೆದ ಚಿತ್ರಗಳಿರೋದು. ವಯಸ್ಸಲ್ಲಿ ನಮ್ಮ ಮಧುಗಿರಿ ಮುಂದೆ ಅದು ಮೊಮ್ಮಗು. ಆದ್ರೆ ಬಸಾಲ್ಟ್ ಚೂರುಚೂರಾಗಿ ಉದುರೋ ಕಲ್ಲು. ನಿಮ್ಮ ಮೇಲೆ ಯಾರಾದ್ರೂ ಏಣೀಲಿದ್ರೆ ಕೆಳಗೆ ನೇರವಾಗಿ ನಿಲ್ಲಬೇಡಿ, ಒಂದು ನಿಂಬೆಹಣ್ಣಿನಷ್ಟು ಕಲ್ಲು ಸಾಕು. ಗಣೀಲಿ ನಾನು ನೋಡಿದ ಪೆಟ್ಟಲ್ಲಿ ಅರ್ಧಕ್ಕರ್ಧ ಅಂಥದ್ದೇ.

ಮೊದ್ಲು ಮಧುಗಿರಿಗೇ ಇನ್ನೊಂದ್ಸಲ ಹೋಗಿ. ಅದೇ ಜಾಗದಲ್ಲಿ ಮಂಡಿ ಊರಿ, ಬಂಡೆ ಕಡೆ ಮುಖ ಮಾಡಿ ನಾಲ್ಕು ಹೆಜ್ಜೆ ಹಿಂದುಮುಂದಾಗಿ ಇಳೀರಿ. ಮತ್ತೆ ಹತ್ತಿ. ಮತ್ತೆ ಇಳೀರಿ.

ಬೆಟ್ಟ ಬೈಕು (ಕೊರಟಗೆರೆ)

ತಾತ ನೀವು ಯೂಟ್ಯೂಬ್ ಚಾನೆಲ್ ಮಾಡ್ರೀ 🙏 ಆಂಟಿ ಸಾರಿ, ನಾನು ಸುಮ್ನೆ ಅಂದಿದ್ದು. ಮಧುಗಿರಿಗೆ ಹೋಗೋದಾದ್ರೆ ಹೇಳಿ, ನಾನೂ ಬರ್ತೀನಿ, ಇಲ್ಲೇ ಪಕ್ಕದಲ್ಲೇ ಇರೋದು.

ಸಿದ್ದರಬೆಟ್ಟದ ಟೀಚರ್ (ತುಮಕೂರು)

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ಲ. ಹೋದ ಭಾನುವಾರ ಮಧುಗಿರಿಗೆ ಹೋಗಿದ್ವಿ. ಚೂಡಿದಾರ್ ಹಾಕ್ಕೊಂಡು, ಬೆಳಗ್ಗೆ ಆರೂವರೆಗೇ ಕೆಳಗಿನ ಬಾಗಿಲಲ್ಲಿದ್ವಿ, ನಂದಿ ತಪ್ಪಲು ಅವ್ರ ಗಡಿಯಾರದ ಪಾಠ. ನಾನು, ಮಗಳು, ಪಿಟಿ ಮೇಡಮ್ಮು.

ಅದೇ ಜಾಗ ಬಂತು. ಅದೇ ಕಂಬಿ. ಗಾಳಿ ಬೇರೆ. ತಾತ ಹೇಳಿದ ಹಾಗೆ ನಿಂತ್ಕೊಂಡು ತಿರುಗದೆ ಮೊದ್ಲು ಮಂಡಿ ಊರಿದೆ, ಬಂಡೆ ಇನ್ನೂ ರಾತ್ರಿ ತಂಪಲ್ಲೇ ಇತ್ತು, ಕಂಬಿ ಹಿಡ್ಕೊಂಡು ಒಂದು ಕಾಲು ಹಿಂದಕ್ಕೆ ಬಿಟ್ಟೆ. ಕಚ್ಚು ಸಿಗ್ಲಿಲ್ಲ. ಸಿಗ್ಲಿಲ್ಲ, ಸಿಗ್ಲಿಲ್ಲ, ಬೆವರು ಬಂತು, ಇನ್ನೇನು ಕೂಗ್ಬೇಕು ಅನ್ನುವಾಗ ಬೂಟಿನ ತುದಿಗೆ ಸಿಕ್ತು. ಆಮೇಲೆ ಎರಡನೇದು ಅಷ್ಟು ಹೊತ್ತು ಹಿಡೀಲಿಲ್ಲ. ಹೀಗೆ ಎಂಟು ಹತ್ತು ಹೆಜ್ಜೆ ಇಳಿದು ಹತ್ತಿ, ಮೂರು ಸಲ ಮಾಡ್ದೆ. ಹಿಂದೆ ಬರ್ತಿದ್ದ ಬೆಂಗಳೂರು ಹುಡುಗ್ರು ಈ ಆಂಟಿ ಏನೋ ಹರಕೆ ಹೊತ್ಕೊಂಡಿದಾರೆ ಅಂದ್ಕೊಂಡಿರ್ಬೇಕು. ತುತ್ತತುದೀವರ್ಗೂ ಹೋಗ್ಲಿಲ್ಲ, ಇನ್ನೂ ಸ್ವಲ್ಪ ಬಾಕಿ ಇತ್ತು, ಕಾಲು ನಡುಗ್ತಾ ಇತ್ತು ಅಂತ ಅಲ್ಲೇ ನಿಲ್ಸಿದೆ. ಮಗಳು ಮೇಲೆ ಹೋಗಿ ಬಂದ್ಲು. ಆದ್ರೆ ಕೂತ್ಕೊಂಡು ಜಾರ್ಲಿಲ್ಲ ಕಣ್ರೀ, ನಡ್ಕೊಂಡೇ ಇಳಿದೆ.

ಸದ್ಯಕ್ಕೆ ಪ್ಲಾನು ಹಿಂಗೆ. ಮೇ ಮೊದಲನೇ ವಾರ. ಜೋಹಾನ್ಸ್‌ಬರ್ಗಲ್ಲಿ ಮೂರು ದಿನ ಸುಮ್ನೆ ಇರೋದು, ಆ ಊರೇ 1,750 ಮೀಟರ್ ಎತ್ತರದಲ್ಲಿದೆಯಂತೆ, ನಂದಿ ಬೆಟ್ಟದ ತುದಿಗಿಂತ ಮೇಲೆ, ಉಸಿರಿಗೆ ಒಗ್ಗುತ್ತೆ. ಆಮೇಲೆ ಮೊದ್ಲು ಕೆಳಗಿನ ಗಾರ್ಜ್ ಒಂದು ದಿನ, ಸುತ್ತಾಕ್ಕೊಂಡು ಲಾಡ್ಜಿಗೆ ಬಂದು ಮಾರನೇ ಬೆಳಗ್ಗೆ ಏಣಿ, ಗೈಡ್ ಜೊತೆ. ಏಣಿ ಬುಡದಲ್ಲಿ ನಿಂತು ಆಗಲ್ಲ ಅನ್ಸಿದ್ರೆ ಮಗಳು ತಮ್ಮ ಹೋಗ್ಲಿ, ನಾನು ಕೆಳಗೆ ಕೂತು ಫ್ಲಾಸ್ಕಲ್ಲಿ ಕಾಫಿ ಕುಡೀತೀನಿ. ಆದ್ರೆ ತಾತ ಹೇಳಿದ ಹಾಗೆ ಏಣಿಗೆ ನೇರ ಕೆಳಗೆ ಕೂರಲ್ಲ.

ಒಂದೇ ಡೌಟು ಉಳಿದಿದೆ. ಸರಳು ಐಸ್‌ಕ್ಯಾಂಡಿ ಥರ ಅಂದ್ರಲ್ಲ ಸೀನ ಅವ್ರೆ, ಯಜಮಾನ್ರ ಬೈಕ್ ಗ್ಲೌಸ್ ಇದೆ, ಅದೇ ಸಾಕಾಗುತ್ತಾ?

ಶಿರಾಗೇಟ್ ಸೀನ (ತುಮಕೂರು)

ಬೈಕಿಂದು ಬೇಡ ಮೇಡಂ, ದಪ್ಪ, ಸರಳು ಕೈಗೆ ಸಿಕ್ಕಿದ್ದೇ ಗೊತ್ತಾಗಲ್ಲ. ಮಂಡಿಪೇಟೇಲಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಲೋಡ್ ಇಳಿಸೋರು ಹಾಕ್ಕೊಳೋ ಬಟ್ಟೆ ಗ್ಲೌಸ್ ಕೇಳಿ, ಅಂಗೈಗೆ ರಬ್ಬರ್ ಹಚ್ಚಿರೋದು. ನಾನು ಹಾಕ್ಕೊಂಡು ಹತ್ತಿದ್ದು ಅದೇ. ನಿಮ್ ಕೈಗೆ ದೊಡ್ಡದಾಗುತ್ತೆ, ಚಿಕ್ಕ ಸೈಜು ಕೇಳಿ ತಗೊಳಿ, ಸಡ್ಲ ಇದ್ರೆ ಬೇಡ.